ಅತ್ತೆ ಎದ್ದು ನಿಂತದ್ದು

ನನ್ನ ಅತ್ತೆ ಹೆದರುತ್ತಿದ್ದದ್ದು ಒಂದಕ್ಕೇ. ಸಾವಿಗೆ ಅಂತ ತಿಳಿಯಬೇಡಿ. ಸಾವಿನ ಮಾತು ಬಂದರೆ ಅವರು ತಡವಾದ ಬಸ್ಸಿನ ಬಗ್ಗೆ ಮಾತಾಡುವ ಹಾಗೆ, ಬರುತ್ತೆ ಬಿಡು, ಎಲ್ಲಿ ಹೋಗುತ್ತೆ, ಅಂದು ಸುಮ್ಮನಾಗುತ್ತಿದ್ದರು. ಹೆದರಿಕೆ ಇದ್ದದ್ದು ಹಿತ್ತಿಲಿನ ಕಕ್ಕಸಿಗೆ ತನ್ನನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವ ಕಾಲ ಬಂದೀತು ಅನ್ನುವುದಕ್ಕೆ. "ಇನ್ನೊಬ್ರ ಕೈಲಿ ಸೀರೆ ಎತ್ತುಸ್ಕಂಡು, ತೊಳುಸ್ಕಂಡು ಬದುಕದು ಅದೊಂದು ಬ್ಯಾಡ ಕಣವ್ವ. ಮಿಕ್ಕಿದ್ದು ಏನಾರ ಆಗ್ಲಿ" ಅನ್ನುತ್ತಿದ್ದರು. ಇದನ್ನು ಅವರು ರಾಗಿ ಕೇರುತ್ತಲೋ ಅವರೆಕಾಯಿ ಸುಲಿಯುತ್ತಲೋ ಹೇಳುತ್ತಿದ್ದರು, ದೇವರ ಮುಂದೆ ಕೈಮುಗಿದು ಹೇಳಿದ್ದನ್ನು ನಾನು ಕಾಣೆ.

ಆ ಕಕ್ಕಸು ಆ ಮನೆಗೆ ಬಂದದ್ದು ನನ್ನ ದೆಸೆಯಿಂದ. ನಾನು ಪಾಂಡವಪುರದವಳು. ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಬಾಬುರಾಯನಕೊಪ್ಪಲಿಗೆ ಸೊಸೆಯಾಗಿ ಬಂದೆ. ಮದುವೆ ಮಾತುಕತೆಯಲ್ಲಿ ನನ್ನ ಕಡೆಯಿಂದ ಇದ್ದದ್ದು ಅದೊಂದೇ ಷರತ್ತು, ಹಿತ್ತಿಲಲ್ಲಿ ಕಕ್ಕಸು ಕಟ್ಟಿಸಬೇಕು. ಊರಿನವರು ನಕ್ಕರು. ಒಡವೆ ಕೇಳುವ ಸೊಸೆಯರನ್ನು ಕಂಡಿದ್ದೇವೆ, ಇದನ್ನು ಕೇಳುವವಳು ಇವಳೊಬ್ಬಳೇ ಅಂತ. ಅತ್ತೆಯೂ ಬಹಳ ದಿನ ಅದರ ಕಡೆ ತಿರುಗಿ ನೋಡದೆ ಬೆಳಕು ಹರಿಯುವ ಮುಂಚೆ ಗದ್ದೆ ಬದುವಿಗೇ ಹೋಗಿಬರುತ್ತಿದ್ದರು. ಒಂದು ಮಳೆಗಾಲದಲ್ಲಿ ಬೇರೆ ದಾರಿಯಿಲ್ಲದೆ ಒಳಗೆ ಹೋದರು. ಆಮೇಲೆ ಅದು ಅವರದೇ ಆಯಿತು. ನಾನು ಶಾಲೆಗೆ ಹೊತ್ತಾಯಿತೆಂದು ಹೊರಗೆ ಚಡಪಡಿಸುತ್ತಿದ್ದರೂ ಅವರಿಗೆ ಅವಸರವಿರುತ್ತಿರಲಿಲ್ಲ. ಜೀವಮಾನವೆಲ್ಲ ಯಾರಾದರೂ ಬಂದಾರು ಎಂದು ಅರ್ಧಕ್ಕೇ ಎದ್ದ ಹೆಂಗಸಿಗೆ ಅಷ್ಟು ನೆಮ್ಮದಿ ಸಿಕ್ಕಿದ್ದನ್ನು ಕಂಡು ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಅತ್ತೆಯ ತವರು ನಾಗಮಂಗಲದ ಹೊಣಕೆರೆ ಕಡೆ. ಹೊಣಕೆರೆಯಿಂದ ನಾಗಮಂಗಲದ ಸಂತೆಗೆ ತಲೆ ಮೇಲೆ ಹುರುಳಿ ಹೊತ್ತು ನಡೆದು, ಮಾರಿ, ನಡೆದೇ ವಾಪಸು ಬಂದವರು ಅವರು. ನಮ್ಮ ಕಾಲುವೆ ಸೀಮೆಯ ಹೆಂಗಸರನ್ನು ಕಂಡರೆ ಅವರಿಗೆ ತುಸು ತಾತ್ಸಾರವೇ. ನೀರು ಕಂಡ ಕಾಲು ನಡೆಯೋಲ್ಲ ಅನ್ನುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಅವರಿಗೆ ಜ್ವರ ಹಿಡಿಯಿತು. ಬಿಡುವುದು, ಮತ್ತೆ ಬರುವುದು, ಹೀಗೇ ಎರಡು ತಿಂಗಳು ಹಾಸಿಗೆಯಲ್ಲೇ ಕಳೆದರು. ಜ್ವರ ಹೋಯಿತು, ಜೊತೆಗೆ ಕಾಲನ್ನೂ ತೆಗೆದುಕೊಂಡು ಹೋಯಿತು. ತೊಡೆ ಬತ್ತಿ, ಮಂಡಿಯ ಚಿಪ್ಪು ಮಾತ್ರ ಎದ್ದು ಕಾಣುತ್ತಿತ್ತು. ಎದ್ದು ನಿಂತರೆ ಬೆಂದ ದಂಟಿನ ಹಾಗೆ ಬಾಗುತ್ತಿದ್ದರು. ಹಿತ್ತಿಲಿಗೆ ನಾನು ಒಂದು ಕಡೆ, ಗೋಡೆ ಒಂದು ಕಡೆ. ಒಳಗೆ ಕೂರಿಸಿ ನಾನು ಆಚೆ ಬಂದು ನಿಲ್ಲುತ್ತಿದ್ದೆ. ಬಾಗಿಲು ಮುಂದೆ ಮಾಡಿರುತ್ತಿದ್ದೆ ಅಷ್ಟೆ, ಚಿಲಕ ಹಾಕುವಂತಿರಲಿಲ್ಲ. ಅವರು ಕೂಗಿದಾಗ ಹೋಗಿ ಎತ್ತಬೇಕು. ಆ ಕೂಗು ಕೂಗಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು ಅನ್ನುವುದು ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಲ್ಲ ನೋಡಿ, ಕಾಯಿಲೆ ಏನೂ ಇಲ್ಲ, ಮಲಗಿ ಮಲಗಿ ಶಕ್ತಿ ಇಳಿದಿದೆ ಅಂದು ವ್ಯಾಯಾಮ ಮಾಡಿಸುವ ಕೋಣೆಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಬಹಳ ಚಿಕ್ಕವಳು. ಅತ್ತೆಯನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಪಾದ ಹಿಂದಕ್ಕೆ ಎಳೆಸಿ, ಮೈ ಮುಂದಕ್ಕೆ ಬಾಗಿಸಿ, ಎದ್ದು ನಿಲ್ಲಿಸಿದಳು. ಮತ್ತೆ ಕೂರಿಸಿದಳು, ಆದರೆ ದೊಪ್ಪೆಂದು ಅಲ್ಲ, ನಿಧಾನಕ್ಕೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕೂತಲ್ಲೇ ಮೊಣಕಾಲು ನೀಟಿ ಹಿಡಿಯುವುದು, ಅದನ್ನೂ ಹೇಳಿಕೊಟ್ಟಳು. "ಎಲ್ಲಕ್ಕಿಂತ ಮುಖ್ಯ ಈ ಎದ್ದು ಕೂರೋದು. ದಿನಾ ಮನೇಲೇ ಮಾಡಿಸಿ. ಪಾಪ ಅಂತ ಕೂರಿಸಿಬಿಟ್ಟರೆ ಆಮೇಲೆ ಏಳೋದಿಲ್ಲ" ಅಂದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದ್ ಮಾಡುದ್ರೆ ಇತ್ಲುಗೆ ನಾನೇ ಓಗ್ಬೋದಾ?" ಅಂತ ಕೇಳಿದರು. ಹುಡುಗಿಗೆ ಅರ್ಥವಾಗದೆ ನನ್ನ ಮುಖ ನೋಡಿದಳು. ಹೋಗಬಹುದು ಅಂತ ನಾನೇ ಹೇಳಿದೆ.

ಮನೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ, ನಮ್ಮವರದು. ಅವರು ಕಾರ್ಖಾನೆಯ ಪಾಳಿ ಮುಗಿಸಿ ಬಂದು ಅದರಲ್ಲಿ ಕೂತರೆ ಊಟಕ್ಕೆ ಕರೆಯುವ ತನಕ ಅಲ್ಲಾಡುತ್ತಿರಲಿಲ್ಲ. ಅದನ್ನು ನಡುಮನೆಯ ಬಾಗಿಲ ಹತ್ತಿರ ಎಳೆದು ಹಾಕಿದೆ. ಬೆಳಕು ಬರುತ್ತಿದ್ದದ್ದು ಅಲ್ಲಿಗೆ ಮಾತ್ರ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮುಂಚೆ ಅತ್ತೆ ಅಲ್ಲಿ ಕೂತು ಏಳುವುದು, ಎದ್ದು ಕೂರುವುದು. ನಾನು ಎದುರಿಗೆ ನಿಂತು ಎಣಿಸುವುದು. ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ಲು ಹೇಳಿಕೊಡುತ್ತಿದ್ದವಳೂ ನಾನೇ. ನನಗೆ ಎಣಿಸಲು ಬರುತ್ತಿದ್ದದ್ದು ಆ ಒಂದೇ ರೀತಿ. ಗಟ್ಟಿಯಾಗಿ, ಬೀದಿ ಕೊನೆಗೆ ಕೇಳುವ ಹಾಗೆ. ಅತ್ತೆ ಗೊಣಗುತ್ತಿದ್ದರು, ಬೈಯುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಕುರ್ಚಿಯಿಂದ ಏಳಲು ನನ್ನ ಕೈ ಬೇಡವಾಯಿತು. ಹಿತ್ತಿಲಿನವರೆಗೆ ಗೋಡೆ ಹಿಡಿದು ಬರುತ್ತಿದ್ದರು. ಇನ್ನು ಕುಕ್ಕರಗಾಲಿನಿಂದ ಏಳುವುದು ಒಂದು ಬಾಕಿ ಇತ್ತು.

ಅಷ್ಟರಲ್ಲಿ ಊರು ತನ್ನ ಕೆಲಸ ಮಾಡಿತ್ತು. ಕುರ್ಚಿಯಲ್ಲಿ ಕೂತು ಎದ್ದರೆ ಅದು ವ್ಯಾಯಾಮ ಅಂತ ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿತ್ತು? ಅವರು ಕಂಡದ್ದು ಇಷ್ಟು. ಕೈ ಹಿಂದೆ ಕಟ್ಟಿ ನಿಂತ ಟೀಚರು ಗಟ್ಟಿಯಾಗಿ ಎಣಿಸುತ್ತಾಳೆ, ಎದುರಿಗೆ ಮುದುಕಿ ಏಳುತ್ತಾಳೆ, ಕೂರುತ್ತಾಳೆ, ಏಳುತ್ತಾಳೆ. ಅದಕ್ಕೆ ಊರಿಗೆಲ್ಲ ಗೊತ್ತಿರುವ ಹೆಸರು ಬಸ್ಕಿ. ಪಾಠ ಒಪ್ಪಿಸದ ಮಕ್ಕಳಿಗೆ ಕೊಡುವ ಶಿಕ್ಷೆ. ಟೀಚರಮ್ಮ ಅತ್ತೆಗೆ ಬಸ್ಕಿ ಹೊಡೆಸುತ್ತಾಳಂತೆ ಅನ್ನುವುದು ಮೊದಲು ನಲ್ಲಿ ಹತ್ತಿರ ಹುಟ್ಟಿತು. ಎದುರು ಮನೆಯಾಕೆ ಒಂದು ದಿನ ನೇರವಾಗಿ ಬಂದು, "ಅದೇನ್ ತಪ್ಪು ಮಾಡ್ಬುಟ್ಟದೆ ಅಂತವ್ವ ಆ ಜೀವ? ಜ್ವರದಲ್ಲಿ ನೀನ್ ಚಾಕರಿ ಮಾಡಿದ್ದಕ್ಕೆ ಈಗ ಸೇಡು ತೀರುಸ್ಕೊತಿದ್ದೀಯ?" ಅಂದಳು. ಆಸ್ಪತ್ರೆಯಲ್ಲಿ ಹೇಳಿದ್ದು ಅಂತ ವಿವರಿಸಿದೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರೆ, ಸೂಜಿ ಚುಚ್ಚುತ್ತಾರೆ, ಬಸ್ಕಿ ಯಾಕೆ ಹೊಡೆಸುತ್ತಾರೆ? ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಾನು ಬಾಗಿಲು ಹಾಕಿಕೊಂಡು ಮಾಡಿಸತೊಡಗಿದೆ. ಅದು ಇನ್ನೂ ಕೆಟ್ಟದಾಯಿತು. ಒಳಗಿನಿಂದ ಎಣಿಕೆ ಮಾತ್ರ ಕೇಳುತ್ತಿತ್ತು.

ಸುದ್ದಿ ಕೆ.ಆರ್. ಪೇಟೆ ಬಸ್ಸು ಹತ್ತಿ ಗೋವಿಂದನಹಳ್ಳಿಗೆ ಹೋಯಿತು. ಅಲ್ಲಿ ನನ್ನ ನಾದಿನಿ ಇದ್ದಳು, ಅತ್ತೆಯ ಒಬ್ಬಳೇ ಮಗಳು. ಒಂದು ಭಾನುವಾರ ಬೆಳಿಗ್ಗೆಯೇ ಬಂದುಬಿಟ್ಟಳು. ಚೀಲ ಕೆಳಗಿಡುವ ಮುಂಚೆ ಬಾಯಿ ತೆಗೆದಳು.

"ಅತ್ತಿಗೆ, ನಮ್ಮವ್ವ ಯಾವ ಕ್ಲಾಸು? ಏನ್ ಬರ್ಕಂಡು ಬರ್ಲಿಲ್ಲ ಅಂತ ಬಸ್ಕಿ ಹೊಡುಸ್ತಿದ್ದೀರಂತೆ?"

ನಮ್ಮವರು ತಂಗಿಯನ್ನು ಸಮಾಧಾನ ಮಾಡಲು ಹೋಗಿ ಬೈಸಿಕೊಂಡರು. ಅವಳು ತಾಯಿಯ ಕಾಲು ಸವರಿ ಸವರಿ ಅತ್ತಳು. ಅವಳ ಪ್ರೀತಿ ಸುಳ್ಳಲ್ಲ, ಅದನ್ನು ನಾನು ಆವತ್ತೂ ಅನುಮಾನಿಸಲಿಲ್ಲ. ಆದರೆ ಕೆಲವರ ಪ್ರೀತಿ ಮನುಷ್ಯರನ್ನು ಕೂರಿಸಿಬಿಡುವ ಪ್ರೀತಿ. ದುಡಿದ ಜೀವ ಇನ್ನು ಒಂದು ಹುಲ್ಲುಕಡ್ಡಿ ಎತ್ತಬಾರದು ಅನ್ನುವುದೇ ಅವಳಿಗೆ ಸೇವೆ. "ನಮ್ಮವ್ವನ್ನ ನಾನ್ ಕರ್ಕಂಡೋಯ್ತೀನಿ. ರಾಣಿ ಇದ್ದಂಗೆ ಇಟ್ಕತೀನಿ" ಅಂದಳು. ಅತ್ತೆ ಏನು ಹೇಳುತ್ತಾರೋ ಎಂದು ನೋಡಿದೆ. ಅವರು ಮಗಳ ಮುಖ ನೋಡಿದರು, ಬೀದಿಯಲ್ಲಿ ಇಣುಕುತ್ತಿದ್ದ ಮುಖಗಳನ್ನು ನೋಡಿದರು, "ಸ್ವಲ್ಪ ದಿನ ಇದ್ದು ಬತ್ತೀನಿ ಬುಡು" ಅಂದರು. ಮಗಳು ಅಷ್ಟು ಜನರ ಮುಂದೆ ಕರೆದಾಗ ಒಲ್ಲೆ ಅನ್ನುವ ತಾಯಿ ಎಲ್ಲಿದ್ದಾಳೆ? ಅವರು ಹೋದ ಮೇಲೆ ಮನೆ ಖಾಲಿಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹೊತ್ತು ಸಿಕ್ಕಿತು, ಊರ ಬಾಯಿ ಮುಚ್ಚಿತು, ನಮ್ಮವರಿಗೆ ಕುರ್ಚಿ ಸಿಕ್ಕಿತು.

ನಮ್ಮವರು ನಡುವೆ ಹೋಗಿ ನೋಡಿಕೊಂಡು ಬಂದರು. "ಚೆನ್ನಾಗವ್ರೆ. ಮುಖ ತುಂಬ್ಕಂಡದೆ" ಅಂದರು. ಕಾಲು ಹೇಗಿದೆ ಅಂದೆ. ಕಾಲು ಯಾಕೆ ನೋಡಲಿ, ಸೀರೆಯೊಳಗೆ ಇರುತ್ತೆ ಅಂದರು. ಗಂಡಸರನ್ನು ಕಳಿಸಿದರೆ ಇಷ್ಟೇ. ದಸರಾ ರಜ ಬಂದ ಕೂಡಲೇ ನಾನೇ ಹೊರಟೆ.

ನಾದಿನಿಯ ಮನೆ ಪಂಚಲಿಂಗೇಶ್ವರನ ಗುಡಿಯಿಂದ ಸ್ವಲ್ಪ ಆಚೆ. ಹಳೇ ಹೆಂಚಿನ ಮನೆ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಮರದ ಕಂಬಗಳು. ಅಲ್ಲೊಂದು ಮಂಚ ಹಾಕಿ, ದಿಂಬು ಒರಗಿಸಿ, ಅತ್ತೆಯನ್ನು ಕೂರಿಸಿದ್ದರು. ಹೋಗಿ ಬರುವವರೆಲ್ಲ ನೋಡಬೇಕು, ಮಗಳು ಹೇಗೆ ನೋಡಿಕೊಂಡಿದ್ದಾಳೆ ಅಂತ ಅನ್ನಬೇಕು. ಅನ್ನುತ್ತಲೂ ಇದ್ದರು. ತಟ್ಟೆ ಮಂಚಕ್ಕೇ ಬರುತ್ತಿತ್ತು, ಮುದ್ದೆ ಮುರಿದು ಸಾರಿಗದ್ದಿ ಬಾಯಿಗೂ ಇಡುತ್ತಿದ್ದಳು ನಾದಿನಿ. ಮುಖ ನಿಜಕ್ಕೂ ದುಂಡಗಾಗಿತ್ತು. ನಾನು ಪಕ್ಕದಲ್ಲಿ ಕೂತು, ಸೀರೆಯ ಮೇಲಿಂದಲೇ ತೊಡೆ ಮುಟ್ಟಿ ನೋಡಿದೆ. ನಮ್ಮ ಮನೆಯಲ್ಲಿ ಬಂದಿದ್ದ ಚೂರುಪಾರು ಕಸುವೂ ಕರಗಿ ಹೋಗಿತ್ತು. ಆ ಮನೆಗೆ ಕಕ್ಕಸು ಇರಲಿಲ್ಲ. ಒಳಕೋಣೆಯಲ್ಲಿ ಒಂದು ಹಳೇ ಪಾತ್ರೆ ಇಟ್ಟಿದ್ದರು. ನಾದಿನಿ ತಾಯಿಯ ಕಂಕುಳಿಗೆ ಕೈಹಾಕಿ, ಮಗುವನ್ನು ಎತ್ತುವಂತೆ ಎತ್ತಿ, ಅಲ್ಲಿಗೆ ಒಯ್ಯುತ್ತಿದ್ದಳು. ಎಲ್ಲ ಅವಳೇ ಮಾಡುತ್ತಿದ್ದಳು, ಮುಖ ಕಿವುಚದೆ ಮಾಡುತ್ತಿದ್ದಳು.

ಅವಳು ನೀರಿಗೆ ಹೋದಾಗ ಅತ್ತೆ ನನ್ನ ಕಡೆ ನೋಡದೆಯೇ ಮಾತಾಡಿದರು.

"ನಿನ್ ಮುಂದೆ ಏನು ಮುಚ್ಚಿಡದು. ಎಲ್ಲಾ ಅವಳ ಕೈಲೇ ಆಯ್ತಾ ಅದೆ."

"ನಡೀರಿ ಅತ್ತೆ, ನಾಳೇನೇ ಹೋಗೋಣ" ಅಂದೆ.

"ಏನಂತ ಅನ್ಲವ್ವ ಅವಳ್ಗೆ? ಇಷ್ಟ್ ಚೆನ್ನಾಗಿ ನೋಡ್ಕಂಡ್ರೂ ಎದ್ದೋದ್ಲು ಅಂತ ಊರು ಅವಳ್ನ ಆಡ್ಕೊತದೆ. ಅಲ್ಲಿ ನಿನ್ನ ಆಡ್ಕಂಡ್ರು, ಇಲ್ಲಿ ಅವಳ್ನ. ನನ್ನಿಂದ ಎಷ್ಟ್ ಜನ ಹೆಣ್ಮಕ್ಳು ಮಾತ್ ಕೇಳದು?"

ಅವರ ಕಣ್ಣಲ್ಲಿ ನೀರಿರಲಿಲ್ಲ. ದನಿಯೂ ಎಂದಿನಂತೆಯೇ ಇತ್ತು. ನನಗೆ ಮಾತ್ರ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಆ ಮಧ್ಯಾಹ್ನ ನಾದಿನಿಯ ಗಂಡ ಹೊಲದಿಂದ ಬಂದರು. ಆತ ಮಾತು ಕಡಿಮೆಯ ಮನುಷ್ಯ, ದನ ಹೊಡೆಯುವಾಗಲೂ ದನಿ ಎತ್ತದವರು. ಅಂದು ಕಬ್ಬಿನ ಸೋಗೆ ತುಂಬಿದ ಗಾಡಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಮುಂಬಾಗಿಲಿನಿಂದ ಬಂದರು. ಅವರ ನೆರಳು ಪಡಸಾಲೆಗೆ ಬಿದ್ದದ್ದೇ ತಡ, ಅತ್ತೆ ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ಕಾಲು ಮಂಚದಿಂದ ಇಳಿಸಿದರು. ಪಾದ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಒಂದು ಕೈ ಕಂಬಕ್ಕೆ ಕೊಟ್ಟು ಎದ್ದು ನಿಂತುಬಿಟ್ಟರು. ನಾನು ಕೈ ಚಾಚುವಷ್ಟೂ ಪುರುಸೊತ್ತು ಕೊಡಲಿಲ್ಲ. ಕಾಲು ನಡುಗುತ್ತಿತ್ತು. ಅಳಿಯ ತಲೆ ತಗ್ಗಿಸಿಕೊಂಡು, ಕಳ್ಳನ ಹಾಗೆ, ಸರಸರನೆ ಒಳಗೆ ಹೋದ ಮೇಲೆ ಮಂಚಕ್ಕೆ ಕುಸಿದರು.

ಅಳಿಯ ಬಂದಾಗ ಅತ್ತೆಯಾದವಳು ಕೂತಿರಬಾರದು. ಇದು ಅವರಿಗೆ ಅವರ ತಾಯಿ ಹೊಣಕೆರೆಯಲ್ಲಿ ಕಲಿಸಿದ್ದು. ಸಂಬಂಧದೊಳಗಿನ ಹುಡುಗನಾಗಿದ್ದರೆ ಎತ್ತಿ ಆಡಿಸಿದ ಸಲಿಗೆಯಿಂದ ನಡೆದುಹೋಗುತ್ತಿತ್ತು. ಈತ ಹೊರಗಿನ ಸಂಬಂಧ. ಮದುವೆಯಾಗಿ ಅಷ್ಟು ವರ್ಷವಾದರೂ ಅತ್ತೆ ಆತನ ಮುಂದೆ ಕೂತಿರಲಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಗ ಹೇಳಿದರೆ ಏಳದ, ಸೊಸೆ ಎಣಿಸಿದರೆ ಗೊಣಗಿಕೊಂಡು ಏಳುವ, ಮಗಳು ಎತ್ತಿದರೆ ಎತ್ತಿಸಿಕೊಳ್ಳುವ ಆ ದೇಹ ಅಳಿಯನ ನೆರಳಿಗೆ ತಾನಾಗಿ ಎದ್ದಿತ್ತು. ಆಸ್ಪತ್ರೆಯ ಹುಡುಗಿ ಕಲಿಸಿದ ಹಾಗೆಯೇ ಎದ್ದಿತ್ತು.

ಹಾಗಾದರೆ ಇಲ್ಲಿ ಇಷ್ಟು ದಿನ ಇದ್ದೂ ಕಾಲು ಯಾಕೆ ಬತ್ತಿತು? ನಾದಿನಿಯನ್ನು ಕೇಳಿದೆ. ಅವಳು ಗಂಡನ ಗುಣಗಾನ ಮಾಡಿದಳು. "ಅವ್ವ ಏಳ್ತಾಳಲ್ಲ, ಅದ ನೋಡಿ ಅವರ್ಗೆ ಕರುಳು ಚುರುಕ್ ಅಂತದೆ ಅತ್ತಿಗೆ. ಅದ್ಕೇ ಬಂದಾಗಿಂದ ಇತ್ಲ ಬಾಗ್ಲಲ್ಲೇ ಓಡಾಡ್ತಾರೆ. ಮುಂದ್ಗಡೆ ಕಾಲೇ ಇಡಲ್ಲ. ಇಂತ ಮನುಷ್ಯ ಎಲ್ಲಿ ಸಿಕ್ತಾರೆ?"

ಸಿಗುವುದಿಲ್ಲ, ನಿಜ. ತನ್ನ ಮನೆಯಲ್ಲೇ ದನದ ಬಾಗಿಲಿನಿಂದ ಓಡಾಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಒಳ್ಳೆಯತನದಿಂದಲೇ ಎಲ್ಲರೂ ಸೇರಿ ಅತ್ತೆಯ ಕಾಲು ಕಟ್ಟಿ ಹಾಕಿದ್ದರು.

ಸಂಜೆ ಕೊಟ್ಟಿಗೆಯಲ್ಲಿ ನಾದಿನಿಯ ಗಂಡ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾನು ಹೋಗಿ ಗೋದಲಿಯ ಪಕ್ಕ ನಿಂತೆ.

"ಅಣ್ಣಾ, ಒಂದು ಉಪಕಾರ ಆಗಬೇಕು. ನಾಳೆಯಿಂದ ಮುಂಬಾಗಿಲಲ್ಲೇ ಓಡಾಡಿ."

"ಅತ್ತೆಮ್ಮ ಎದ್ದೇಳ್ತಾರೆ ಕಣಕ್ಕ" ಅಂದರು, ನನಗೆ ತಿಳಿಯದೇನೋ ಎಂಬಂತೆ. "ವಯಸ್ಸಾದೋರು. ನಾನೇ ಏಳ್ಸಿ ನಿಲ್ಸಿದಂಗಾಯ್ತದೆ. ಪಾಪ ಅಲ್ವಾ?"

"ಏಳಲಿ ಅಂತಲೇ ಕೇಳ್ತಿರೋದು. ಎದ್ದರೆ ಕಾಲು ಬರುತ್ತೆ, ಇಲ್ಲದಿದ್ದರೆ ಇಲ್ಲ. ಅವರಿಗೆ ತಾನೇ ಹಿತ್ತಿಲಿಗೆ ಹೋಗಬೇಕು ಅನ್ನೋದು ಬಿಟ್ಟು ಬೇರೇನೂ ಬೇಕಾಗಿಲ್ಲ."

ಅವರು ಹುಲ್ಲು ಹಾಕುವುದನ್ನು ನಿಲ್ಲಿಸಿದರು. ಹಸುವಿನ ಬೆನ್ನು ತಟ್ಟಿದರು. ಆಮೇಲೆ, "ಬಿದ್ ಗಿದ್ರೆ?" ಅಂದರು. ಆ ಭಯ ನನಗೂ ಇತ್ತು. ಮಂಚವನ್ನು ಕಂಬಕ್ಕೆ ಇನ್ನೂ ಹತ್ತಿರ ಸರಿಸೋಣ, ಅದರ ಕಾಲಿಗೆ ಕಲ್ಲು ಕೊಟ್ಟು ಸ್ವಲ್ಪ ಎತ್ತರ ಮಾಡೋಣ, ಬರುವಾಗ ದೂರದಿಂದಲೇ ಕೆಮ್ಮಿ ನಿಧಾನಕ್ಕೆ ಬನ್ನಿ, ಅವರಿಗೆ ಅವಸರವಾಗಬಾರದು, ಎದ್ದ ಮೇಲೆ ತಕ್ಷಣ ಒಳಗೆ ಓಡಬೇಡಿ, ಹೀಗೆಲ್ಲ ಹೇಳಿದೆ. ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆನೆಂದು ಕಾಣುತ್ತದೆ. ಅವರು ತಲೆಯಾಡಿಸಿ, "ಆಯ್ತು ಮೇಡಂ" ಅಂದುಬಿಟ್ಟು, ನಾಚಿಕೊಂಡು ಮತ್ತೆ ಹುಲ್ಲಿಗೆ ಕೈಹಾಕಿದರು.

ಮಾರನೇ ದಿನದಿಂದ ಆ ಪಡಸಾಲೆಯಲ್ಲಿ ನಡೆದದ್ದನ್ನು ನೋಡಿ ನಾನು ಎಷ್ಟೋ ಸಲ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದೇನೆ. ಅವರಿಗೆ ನಾಟಕ ಬರುತ್ತಿರಲಿಲ್ಲ. ಬೀದಿಯಲ್ಲೇ ನಿಂತು ಕ್ಷಯ ಹಿಡಿದವರ ಹಾಗೆ ಕೆಮ್ಮುತ್ತಿದ್ದರು. ಅತ್ತೆ ಏಳುತ್ತಿದ್ದರು. ಬಂದವರು ಕಂಬದ ಹತ್ತಿರ ನಿಂತು ಮಾಡಿನ ಹೆಂಚು ನೋಡುತ್ತಿದ್ದರು, ಯಾವುದೋ ಸೋರುತ್ತಿದೆಯೇನೋ ಎಂಬಂತೆ. ಅತ್ತೆ ನಿಂತಿರುತ್ತಿದ್ದರು. ಆಮೇಲೆ, "ಎಲ್ಲಿ, ಕಡ್ಡಿಪೆಟ್ಟಿಗೆ ಕೊಡು" ಅಂತ ಒಳಗೆ ಕೂಗಿ ಈಸಿಕೊಂಡು ಹೋಗುತ್ತಿದ್ದರು. ತುಸು ಹೊತ್ತಿಗೆ ಕಡ್ಡಿಪೆಟ್ಟಿಗೆ ವಾಪಸು ಕೊಡಲು ಬರುತ್ತಿದ್ದರು. ಮತ್ತೆ ಕುಡುಗೋಲಿಗೆ, ಮತ್ತೆ ಮಜ್ಜಿಗೆಗೆ. ನಾದಿನಿಗೆ ರೇಗಿತು. "ಇದೇನು ಹೊಸ್ಲು ಸವೆಯಂಗೆ ಬರದು ಹೋಗದು? ಒಂದೇ ಸಲ ಬೇಕಾದ್ದು ತಕ್ಕಂಡು ಹೋಗಕ್ಕಾಗಲ್ವಾ?" ಅಂದಳು. ತಾಯಿಗೆ ಮಾತ್ರ ಏಳಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಗಂಡನಿಗೆ ಕೊಡುವ ಮರ್ಯಾದೆಯನ್ನು ನಿಲ್ಲಿಸು ಅಂತ ಯಾವ ಹೆಂಡತಿ ಹೇಳುತ್ತಾಳೆ?

ಊರು ಕೂಡ ಮೆಚ್ಚಿಕೊಂಡಿತು. ಈ ವಯಸ್ಸಲ್ಲೂ ಅಳಿಯನಿಗೆ ಎದ್ದು ನಿಲ್ಲುತ್ತಾರೆ, ಎಂಥ ಮರ್ಯಾದಸ್ತ ಹೆಂಗಸು, ಅಂತ ಹೋಗಿ ಬರುವವರೆಲ್ಲ ಹೇಳತೊಡಗಿದರು. ಅದೇ ಮೊಣಕಾಲು, ಅದೇ ಏಳುವುದು, ಅದೇ ಕೂರುವುದು. ಬಾಬುರಾಯನಕೊಪ್ಪಲಿನಲ್ಲಿ ಅದು ಸೊಸೆಯ ಕ್ರೌರ್ಯವಾಗಿತ್ತು, ಗೋವಿಂದನಹಳ್ಳಿಯಲ್ಲಿ ಅತ್ತೆಯ ಸಂಸ್ಕಾರವಾಯಿತು. ನನಗೆ ಬೇಸರವಾಗಲಿಲ್ಲ ಅಂತೇನಿಲ್ಲ. ಆದರೆ ಕಾಲಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂದುಕೊಂಡು ಸುಮ್ಮನಾದೆ. ರಜ ಮುಗಿದ ಮೇಲೆ ವಾಪಸು ಬಂದೆ.

ಸಂಕ್ರಾಂತಿಗೆ ಮುಂಚೆ ಅಳಿಯನೇ ಅತ್ತೆಯನ್ನು ಕರೆತಂದರು. ಮಗನ ಮನೆಯಲ್ಲಿ ಹಬ್ಬ ಮಾಡಬೇಕು ಅನ್ನುವುದಕ್ಕೆ ನಾದಿನಿಯೂ ಎದುರಾಡುವಂತಿರಲಿಲ್ಲ. ಪಾಂಡವಪುರದ ಮೇಲೆ ಬರುವ ಬಸ್ಸು, ತುಂಬಾ ಜನ. ಅತ್ತೆ ಬಾಗಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕಂಡಕ್ಟರು ಬೇಗ ಬೇಗ ಅಂದದ್ದಕ್ಕೆ ಅವನನ್ನು ಬೈದೂ ಇಳಿದರು. ಮನೆಗೆ ಬಂದವರು ಸುಸ್ತಾಗಿ ಮಲಗಿದರು. ಅಳಿಯ ಕಾಫಿ ಕುಡಿದು, ಮುಂಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ, ಹೊರಟುಹೋದರು. ಅವರು ಬೀದಿ ತಿರುಗಿದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ಅಳಿಯೋರು ಬೀಡಿ ಸೇದ್ತಾರಾ?"

"ನಾನು ನೋಡಿಲ್ಲ" ಅಂದೆ.

"ನಾನೂ ನೋಡಿಲ್ಲ. ಅವರಪ್ಪ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಬೀಡಿ ಕಂಡ್ರೆ ಆಗಲ್ಲ ಅವರ್ಗೆ. ಆದ್ರೂ ದಿನಾ ಕಡ್ಡಿಪೆಟ್ಗೆ ಕೇಳ್ತಿದ್ರು." ನನ್ನ ಮುಖವನ್ನೇ ನೋಡಿದರು. "ನನ್ನ ಏನ್ ದಡ್ಡಿ ಅನ್ಕಂಡಿದ್ದೀರಾ ಇಬ್ರೂ?"

ಗೊತ್ತಿದ್ದೂ ಯಾಕೆ ಎದ್ದಿರಿ ಅಂದೆ. "ಅಳಿಯೋರು ಬಂದ್ರೆ ಏಳ್ದೆ ಇರಕ್ಕಾಯ್ತದಾ?" ಅಂದು ಮಗ್ಗುಲು ಬದಲಿಸಿದರು. ಅದಾದ ಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಪ್ರಯಾಣದ ಆಯಾಸ ಕೆಲವು ದಿನ ಇತ್ತು. ಹಿತ್ತಿಲಿಗೆ ಮತ್ತೆ ನಾನೇ ಜೊತೆಗೆ ಹೋಗುತ್ತಿದ್ದೆ, ಹೊರಗೆ ನಿಲ್ಲುತ್ತಿದ್ದೆ, ಕೂಗಿದಾಗ ಒಳಗೆ ಹೋಗುತ್ತಿದ್ದೆ. ಇಲ್ಲಿ ಅಳಿಯ ಇರಲಿಲ್ಲ, ಏಳಲು ನೆಪವಿರಲಿಲ್ಲ. ನಾನು ಕುರ್ಚಿಯನ್ನು ಮತ್ತೆ ಬೆಳಕಿಗೆ ಎಳೆದು ಹಾಕಿದ್ದೆ, ಆದರೆ ಎಣಿಸಲು ಬಾಯಿ ಬರುತ್ತಿರಲಿಲ್ಲ. ಊರು ಸುಮ್ಮನಿತ್ತು. ಆ ಸುಮ್ಮನಿರುವಿಕೆಯನ್ನು ಕೆಡಿಸುವ ಧೈರ್ಯ ನನಗೆ ಸಾಲುತ್ತಿರಲಿಲ್ಲ. ಅವರು ಹಗಲು ಹೊತ್ತು ಆ ಕುರ್ಚಿಯಲ್ಲಿ ಕೂತಿರುತ್ತಿದ್ದರು, ನಾನಿಲ್ಲದಾಗ ಏನು ಮಾಡುತ್ತಿದ್ದರೋ ನನಗೆ ತಿಳಿಯದು.

ಒಂದು ಸಂಜೆ ಶಾಲೆಯಿಂದ ಬಂದೆ. ಬೀದಿಯ ಬಾಗಿಲು ಪೂರ್ತಿ ತೆರೆದಿತ್ತು, ಎದುರು ಮನೆಯಾಕೆ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ನಾನು ಹೊಸ್ತಿಲು ದಾಟಿದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲೇ ಇಟ್ಟು, ಮುಂದಕ್ಕೆ ಬಾಗಿ ಎದ್ದು ನಿಂತರು. ಕುರ್ಚಿಯನ್ನೂ ಮುಟ್ಟಲಿಲ್ಲ. ಎದುರು ಮನೆಯಾಕೆಯ ಕೈ ಸೊಪ್ಪಿನ ಮೇಲೆ ನಿಂತುಹೋಯಿತು. ಅತ್ತೆ ಸೊಸೆಗೆ ಏಳುವುದನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದೆಲ್ಲ ಇವರಿಗೆ ತಿಳಿದಿದೆ, ಅದನ್ನೇ ಇವರು ಹೀಗೆ ಊರ ಮುಂದೆ ಹೇಳುತ್ತಿದ್ದಾರೆ ಅನ್ನಿಸಿ ಕಣ್ಣು ತುಂಬಿತು.

"ಕೂತ್ಕೊಳ್ಳಿ ಅತ್ತೆ, ನನಗ್ಯಾಕೆ ಏಳ್ತೀರಿ?" ಅಂದೆ.

"ನಿಂಗ್ಯಾಕವ್ವ ಏಳ್ಲಿ ನಾನು?" ಅಂದರು. "ಇತ್ಲುಗೋಗ್ಬೇಕು. ಅಡ್ಡ ನಿಂತಿದ್ದೀಯ, ದಾರಿ ಬುಡು."

ನಾನು ಪಕ್ಕಕ್ಕೆ ಸರಿದೆ. ಅವರು ಗೋಡೆಗೆ ಬೆರಳು ತಾಗಿಸಿಕೊಂಡು ನಡುಮನೆ ದಾಟಿದರು, ಅಡುಗೆಮನೆ ದಾಟಿದರು, ಹಿತ್ತಿಲಿನ ಮೆಟ್ಟಿಲು ಇಳಿದರು. ನಾನು ಹಿಂದೆಯೇ ಹೋದೆ. ತಿರುಗಿ ನೋಡದೆ ಬೆನ್ನ ಹಿಂದೆ ಕೈಯಾಡಿಸಿ, ಬರಬೇಡ ಅಂದರು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಶಾಲೆಯ ಚೀಲ ಹೆಗಲಲ್ಲೇ ಇತ್ತು. ಹಾಗೇ ನಿಂತೆ. ಬಹಳ ಹೊತ್ತಾಯಿತು. ಪಾಳಿ ಮುಗಿಸಿ ಬಂದ ನಮ್ಮವರು ತಾಯಿ ಎಲ್ಲಿ ಅಂತ ಕೇಳಿಕೊಂಡು ಹಿತ್ತಿಲಿಗೆ ಬಂದರು, ಮುಚ್ಚಿದ ಬಾಗಿಲು ನೋಡಿ ಗಾಬರಿಯಾಗಿ ತಟ್ಟಲು ಕೈಯೆತ್ತಿದರು. ನಾನು ಅವರ ಕೈ ಹಿಡಿದುಕೊಂಡೆ. ಒಳಗೆ ತಂಬಿಗೆಯಿಂದ ನೀರು ಸುರಿಯುವುದು ಕೇಳಿಸಿತು. ನಾವಿಬ್ಬರೂ ಏನೂ ಕೇಳಿಸದವರ ಹಾಗೆ ಆ ಕಡೆಗೆ ಬೆನ್ನು ಮಾಡಿ, ಬದನೆ ಗಿಡದಲ್ಲಿ ಕಾಯಿ ಎಷ್ಟು ಬಿಟ್ಟಿದೆ ಅಂತ ನೋಡುತ್ತಾ ನಿಂತೆವು.